ಅಲ್ಲಿ ಒಂದು ತಾಸು, ಇಲ್ಲಿ ಐದು ತಾಸು

ಮೇಲೆ ಬಿಳಿ ಶರ್ಟು, ಟೈ. ಕೆಳಗೆ ಪ್ಲಾಂಟಿನ ನೀಲಿ ಪ್ಯಾಂಟು, ಸೇಫ್ಟಿ ಶೂ. 2025ರ ಅಕ್ಟೋಬರ್ 27, ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಕಾಲೊನಿಯ ಬ್ಯಾಚುಲರ್ ಕ್ವಾರ್ಟರ್ಸ್‌ನಲ್ಲಿ ನಾನು ಈ ವೇಷದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಜರ್ಮನಿಯ ಕಂಪನಿಯೊಂದರ ಇಂಟರ್‌ವ್ಯೂ. ಎರಡು ಗಂಟೆಗೆ ನನ್ನ ಬಿ ಶಿಫ್ಟ್. ಮುಗಿಸಿ, ಶರ್ಟ್ ಬದಲಿಸಿ, ಸೈಕಲ್ ಹತ್ತಿದರೆ ಸಿಸಿಆರ್‌ಗೆ, ಅಂದರೆ ಪ್ಲಾಂಟಿನ ಕಂಟ್ರೋಲ್ ರೂಮಿಗೆ, ಎಂಟು ನಿಮಿಷ. ಎಲ್ಲ ಲೆಕ್ಕ ಹಾಕಿಯೇ ಕೂತಿದ್ದೆ.

ಕಲಬುರಗಿ ಜಿಲ್ಲೆಯಲ್ಲಿ ಸೇಡಂ, ವಾಡಿ, ಮಳಖೇಡ ಕಡೆ ಎತ್ತ ನೋಡಿದರೂ ಸಿಮೆಂಟ್ ಚಿಮಣಿಗಳೇ. ಅದರಲ್ಲಿ ನಮ್ಮದು ಯಾವುದು ಅಂತ ಹೇಳಲ್ಲ. ಇನ್ನೂ ಅಲ್ಲೇ ಸಂಬಳ ತಗೊಳ್ತಾ ಇದ್ದೀನಿ.

ಒಬ್ಬನೇ ದೇಶ ಬಿಟ್ಟು ಹೋಗಬೇಕು ಅಂತ ನಿರ್ಧಾರ ಮಾಡಿ ಆಗ ಒಂದೂವರೆ ವರ್ಷ ಆಗಿತ್ತು. 29 ವಯಸ್ಸು, ಆರು ವರ್ಷ ಪ್ರೋಸೆಸ್ ವಿಭಾಗದಲ್ಲಿ ಕೆಲಸ. ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇತ್ತು. ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯೇನೂ ಇರಲಿಲ್ಲ, ದೊಡ್ಡದೇ ಇತ್ತು. ಮೊದಲನೇ ದಾರಿ ಬ್ಲೂ ಕಾರ್ಡ್, ಅಂದರೆ ಓದಿದವರಿಗೆ ಅಲ್ಲಿ ಕೆಲಸ ಮಾಡೋಕೆ ಕೊಡೋ ಪರವಾನಗಿ. ಕೈಯಲ್ಲಿ ಆಫರ್ ಬೇಕು, ಇಂಜಿನಿಯರ್‌ಗೆ ಆ ವರ್ಷದ ಲೆಕ್ಕದಲ್ಲಿ ಕನಿಷ್ಠ 43,759.80 ಯೂರೋ ಸಂಬಳ ಇರಬೇಕು. ಆ ಎಂಬತ್ತು ಸೆಂಟ್ ಯಾಕೆ ಅಂತ ಜರ್ಮನರನ್ನೇ ಕೇಳಬೇಕು. ಅದು ಆಗದಿದ್ದರೆ 2024ರ ಜೂನ್‌ನಲ್ಲಿ ಶುರುವಾದ ಆಪರ್ಚುನಿಟಿ ಕಾರ್ಡ್. ಆಫರ್ ಇಲ್ಲದೆಯೂ ಹೋಗಿ ಒಂದು ವರ್ಷ ಕೆಲಸ ಹುಡುಕಬಹುದು, ಆದರೆ 6 ಪಾಯಿಂಟ್ ಬೇಕು. ವಯಸ್ಸು 35ರೊಳಗೆ ಅಂತ 2, ಐದು ವರ್ಷದ ಅನುಭವಕ್ಕೆ 3, ಕೊರತೆ ಇರುವ ಕೆಲಸ ಅಂತ 1. ನನಗೆ ಸರಿಯಾಗಿ 6, ಗೀಟಿನ ಮೇಲೆ ಪಾಸು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ ಹಾಗೆ ವರ್ಷದ್ದು 13,092 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡೋ ಖಾತೆಯಲ್ಲಿ, ತೋರಿಸಬೇಕಿತ್ತು. ಯೂರೋಗೆ ನೂರು ರೂಪಾಯಿ ಲೆಕ್ಕ ಹಿಡಿದರೂ 13 ಲಕ್ಷ ದಾಟುತ್ತದೆ. ನಮ್ಮಪ್ಪ ತೊಗರಿ ಮಾರಿ ಅಷ್ಟು ದುಡ್ಡು ಒಟ್ಟಿಗೆ ನೋಡಿದ್ದೇ ಇಲ್ಲ.

ಶೀಟ್‌ನಲ್ಲಿ ಇನ್ನೂ ಏನೇನಿತ್ತು ಅಂದರೆ, ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ. ಡೆಪಾಸಿಟ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಆ ಬಾಡಿಗೆಯಲ್ಲಿ ಹೀಟಿಂಗ್ ಖರ್ಚು ಸೇರಿಸಿ ಲೆಕ್ಕ ಹಾಕುವಂತಿಲ್ಲ. ಭಾನುವಾರ ಅಂಗಡಿ ಬಂದ್, ಶನಿವಾರವೇ ಸಾಮಾನು ತರಬೇಕು. ಜನನ ಪತ್ರದಲ್ಲಿ ಗುಲ್ಬರ್ಗಾ, ಪಾಸ್‌ಪೋರ್ಟ್‌ನ ಅಡ್ರೆಸ್‌ನಲ್ಲಿ ಕಲಬುರಗಿ. ಎರಡೂ ಒಂದೇ ಊರು, 2014ರ ನವೆಂಬರ್ 1ರಂದು ಹೆಸರು ಬದಲಾಯಿತು ಅಂತ ಅರ್ಧ ಪುಟದ ವಿವರಣೆ ರೆಡಿ. ಬ್ಯಾಗಿನ 23 ಕಿಲೋದಲ್ಲಿ ಕಡಕ್ ರೊಟ್ಟಿಗೆ ಎರಡು ಕಿಲೋ, ಶೇಂಗಾ ಹಿಂಡಿಗೆ ಒಂದು. "ಹಿಂಡಿ ನಾ ಕಟ್ಟಿಕೊಡ್ತೀನಿ, ಅದು ಮುಗದ್ ಮ್ಯಾಲೆ ಒಬ್ಬವನೇ ಏನ್ ಮಾಡ್ತಿ?" ಅಂತ ಅವ್ವ ಕೇಳಿದ್ದಕ್ಕೆ ಮಾತ್ರ ಶೀಟ್‌ನಲ್ಲಿ ಕಾಲಂ ಇರಲಿಲ್ಲ.

ಪ್ಲಾಂಟಿನಲ್ಲಿ ಯಾರಿಗೂ ಹೇಳಿರಲಿಲ್ಲ. ಇಲ್ಲಿ ಹೊರಗೆ ಹೋಗ್ತಾನೆ ಅಂತ ಗೊತ್ತಾದರೆ ಅಪ್ರೈಸಲ್ ಅಲ್ಲಿಗೇ ಮುಗಿಯಿತು. ನೋಟಿಸ್ ಮೂರು ತಿಂಗಳು. ಅನುಭವದ ಪತ್ರ ಬೇಕಾದಾಗ ಬ್ಯಾಂಕ್ ಲೋನ್‌ಗೆ ಅಂದಿದ್ದೆ. ಕ್ಯಾಂಟೀನ್‌ನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು 'ಡೇರ್, ಡೀ, ದಾಸ್' ಅಂತ ಜರ್ಮನ್‌ನಲ್ಲಿ ನಾಮಪದದ ಲಿಂಗ ಹೇಳೋ ಪದಗಳನ್ನ ಗೊಣಗುತ್ತಿದ್ದೆ. ಯಾರಿಗೂ ಗೊತ್ತಾಗಲ್ಲ ಅನ್ನೋದು ನನ್ನ ನಂಬಿಕೆ.

ಸರಿ, ಒಂದು ಗಂಟೆಯಾಯಿತು. ಲಿಂಕ್ ಒತ್ತಿದೆ. 'ಬೇರೆಯವರಿಗಾಗಿ ಕಾಯಲಾಗುತ್ತಿದೆ' ಅಂತ ಬಂತು. ಒಂದೂಕಾಲಾದರೂ ಅದೇ. ಒಂದು ಮೂವತ್ತೈದಕ್ಕೆ ನನಗೆ ಸಿಟ್ಟು ಬಂತು. ಜರ್ಮನರು ಟೈಮಿಗೆ ಸರಿಯಾಗಿ ಇರುತ್ತಾರೆ ಅಂತ ಒಂದೂವರೆ ವರ್ಷದಿಂದ ಕೇಳಿದ್ದೆ. ಒಂದು ಮೇಲ್ ಬರೆದೆ. 'ನಾನು 35 ನಿಮಿಷದಿಂದ ಕಾಯುತ್ತಿದ್ದೇನೆ, ನನಗೆ ಡ್ಯೂಟಿ ಇದೆ, ದಯವಿಟ್ಟು ಬೇರೆ ದಿನ ಕೊಡಿ. ಸಮಯಪಾಲನೆಗೆ ನಾನು ಬಹಳ ಬೆಲೆ ಕೊಡುತ್ತೇನೆ.' ಆ ಕೊನೆಯ ಸಾಲು ನೆನಪಾದರೆ ಈಗಲೂ ಚಾದರ ಹೊದ್ದುಕೊಂಡು ಮಲಗಬೇಕು ಅನಿಸುತ್ತದೆ.

ಎರಡಕ್ಕೆ ಐದು ನಿಮಿಷ ಇದ್ದಾಗ ಸಿಸಿಆರ್ ಸೇರಿದೆ. ಎ ಶಿಫ್ಟ್‌ನವನು ಹ್ಯಾಂಡೋವರ್ ಕೊಟ್ಟ. ಫೀಡ್, ಅಂದರೆ ಸುಡೋಕೆ ಬೀಳೋ ಸುಣ್ಣಕಲ್ಲಿನ ಪುಡಿ, 350. ಅದನ್ನು ಸುಡೋ ಗೂಡು, ಕಿಲ್ನ್, ಸರಿ ಇದೆ. "ಸಿ5 ಕೋನ್ ಡ್ರಾಫ್ಟ್ ಸ್ವಲ್ಪ ಹಂಟ್ ಆಗ್ತಾ ಇದೆ, ನೋಡ್ಕೋ" ಅಂದ. ಸಿ5 ಅಂದರೆ ಪ್ರಿಹೀಟರ್ ಗೋಪುರದ ಕೆಳಗಿನ ಸೈಕ್ಲೋನ್, ಪುಡಿ ಕಿಲ್ನ್‌ಗೆ ಇಳಿಯೋ ಮುಂಚೆ ಬಿಸಿಯಾಗೋ ದೊಡ್ಡ ಆಲಿಕೆ. ಅದರ ಬಾಯಲ್ಲಿ ಗಾಳಿ ಎಳೆಯೋ ಒತ್ತಡ, ಡ್ರಾಫ್ಟ್, ಏರಿಳಿಯುತ್ತಿದೆ ಅಂತ ಅವನ ಮಾತಿನ ಅರ್ಥ. ಹೂಂ ಅಂದೆ. ನನ್ನ ತಲೆ ಆ ಮೇಲ್‌ನಲ್ಲೇ ಇತ್ತು.

ಎರಡು ಗಂಟೆ ಎರಡು ನಿಮಿಷಕ್ಕೆ ಫೋನ್ ಅಲುಗಿತು. 'ನಾವು ಮೀಟಿಂಗ್‌ನಲ್ಲಿದ್ದೇವೆ. ಇಂಟರ್‌ವ್ಯೂ ಈಗ 9.30ಕ್ಕೆ. ಬರುತ್ತೀರಾ?'

ಅವರ ಒಂಬತ್ತೂವರೆ. ನಮಗಿಂತ ಮೂರೂವರೆ ತಾಸು ಹಿಂದೆ ಅಂತ ನಾನು ಒಂದು ಗಂಟೆ ಅಂದುಕೊಂಡಿದ್ದೆ. ಆದರೆ ಯುರೋಪಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಆ ಭಾನುವಾರ ಹಿಂದಿನ ದಿನವೇ, 26ನೇ ತಾರೀಖು. ಅಂತರ ನಾಲ್ಕೂವರೆ ಆಗಿತ್ತು. ಮೊದಲ ಮೇಲ್‌ನಲ್ಲೇ 9.30ರ ಪಕ್ಕ 'ಎಂಇಜೆಡ್' ಅಂತ ಮೂರು ಅಕ್ಷರ ಇದ್ದವು. ಅದು ಚಳಿಗಾಲದ ಟೈಮು. ಬೇಸಿಗೆಯದಾಗಿದ್ದರೆ ನಡುವೆ ಒಂದು ಎಸ್ ಇರುತ್ತಿತ್ತು. ಭಾನುವಾರ ಅಂಗಡಿ ಬಂದ್ ಅಂತ ಬರೆದಿಟ್ಟುಕೊಂಡಿದ್ದ ನನಗೆ ಭಾನುವಾರ ಗಡಿಯಾರ ತಿರುಗುತ್ತದೆ ಅನ್ನೋದು ಗೊತ್ತಿರಲಿಲ್ಲ.

ಆಗ ನಾನು ಮಾಡಬೇಕಾಗಿದ್ದು ಒಂದೇ ಕೆಲಸ. ಹಿಂದಿನ ಟೇಬಲ್‌ನಲ್ಲಿ ನಮ್ಮ ಶಿಫ್ಟ್ ಇನ್‌ಚಾರ್ಜ್ ಕೂತು ಚಹಾ ಕುಡೀತಿದ್ದರು. ಇಪ್ಪತ್ತು ವರ್ಷ ಕಿಲ್ನ್ ಓಡಿಸಿದವರು. "ಸರ್, ಹದಿನೈದು ನಿಮಿಷ ಡೆಸ್ಕ್ ಮೇಲೆ ಕೂಡ್ತೀರಾ" ಅಂದರೆ ಸಾಕಿತ್ತು. ಯಾಕೆ ಅಂತ ಕೇಳುತ್ತಾರಲ್ವಾ? ಅದಕ್ಕೇ ಬಾಯಿ ಬರಲಿಲ್ಲ. ಒಂದು ಕಿವಿಗೆ ಇಯರ್‌ಬಡ್ ಹಾಕಿಕೊಂಡು, ಕ್ಯಾಮೆರಾ ಆಫ್ ಮಾಡಿ, ಫೋನನ್ನು ಲಾಗ್‌ಬುಕ್‌ನ ಹಿಂದೆ ನಿಲ್ಲಿಸಿ ಲಿಂಕ್ ಒತ್ತಿದೆ. ಡೆಸ್ಕ್‌ನಲ್ಲಿ ಫೋನ್ ಬಳಸಬಾರದು ಅನ್ನೋ ಬೋರ್ಡು ಸರಿಯಾಗಿ ನನ್ನ ತಲೆಯ ಮೇಲೇ ಇದೆ.

ಇಬ್ಬರಿದ್ದರು. ಒಳ್ಳೆಯವರು. ಗಡಿಯಾರದ ವಿಷಯ ಕೇಳಿ ನಕ್ಕರು, ಎಲ್ಲರಿಗೂ ಆಗುತ್ತೆ ಅಂದರು. ಆಮೇಲೆ, ನೀವು ನಿಭಾಯಿಸಿದ ಒಂದು ದೊಡ್ಡ ತೊಂದರೆಯ ಬಗ್ಗೆ ಹೇಳಿ ಅಂದರು. ನಾನು ಹೋದ ವರ್ಷದ ಸೈಕ್ಲೋನ್ ಜಾಮ್ ಕಥೆ ಎತ್ತಿಕೊಂಡೆ. ಸಣ್ಣ ದನಿಯಲ್ಲಿ, ಕೈಯನ್ನು ಬಾಯಿಗೆ ಅಡ್ಡ ಇಟ್ಟು, ಪರೀಕ್ಷೆಯಲ್ಲಿ ಕಾಪಿ ಹೊಡೆಯೋ ಹುಡುಗನ ಹಾಗೆ. ಪಕ್ಕದ ಟ್ರೈನಿ ಹುಡುಗ ನನ್ನನ್ನೇ ನೋಡುತ್ತಿದ್ದ.

ಆಗ ಒಂದು ಅಲಾರಂ ಬಂತು. ನೋಡಿದೆ ಅಂತ ಹೇಳೋ 'ಅಕ್' ಬಟನ್ ಒತ್ತಿದೆ. ಮತ್ತೆ ಬಂತು, ಮತ್ತೆ ಒತ್ತಿದೆ. ಇಲ್ಲಿ ಸ್ವಲ್ಪ ನನ್ನ ಪರವಾಗಿಯೂ ಹೇಳಿಕೊಳ್ಳುತ್ತೇನೆ. ನಮ್ಮ ಸಿಸ್ಟಮ್‌ನಲ್ಲಿ ಬೇಕಾದ ಅಲಾರಂಗೂ ಬೇಡದ್ದಕ್ಕೂ ಒಂದೇ ಪೀಂ ಪೀಂ. ಕೆಟ್ಟ ಸೆನ್ಸರ್‌ಗಳು ದಿನವಿಡೀ ಕೂಗುತ್ತವೆ. ಅಲಾರಂ ಲಿಮಿಟ್ ಸರಿ ಮಾಡಿಕೊಡಿ ಅಂತ ಬರೆದ ಮೇಲ್‌ಗೆ ಇನ್‌ಸ್ಟ್ರುಮೆಂಟ್‌ನವರ ಉತ್ತರ 'ನೋಟೆಡ್'. ಕೈ ತಾನಾಗೇ ಅಕ್ ಒತ್ತುತ್ತದೆ, ಕಣ್ಣು ಓದಲ್ಲ. ಆದರೂ ಆ ಹೊತ್ತು ನಾನು ಓದಿದ್ದರೆ ಮೈನಸ್ 160ರಲ್ಲಿ ಇರಬೇಕಾದ ಸಿ5 ಕೋನ್ ಡ್ರಾಫ್ಟ್ ಮೈನಸ್ 90 ತೋರಿಸುತ್ತಿತ್ತು.

ವಾಕಿಟಾಕಿ ಕೆರೆಯಿತು. ಪ್ರಿಹೀಟರ್‌ನ ಫೀಲ್ಡ್ ಕಾಕಾ. ರಿಟೈರ್ ಆಗೋಕೆ ಎರಡು ವರ್ಷ ಇದೆ. ಲಿಫ್ಟ್ ಕೆಟ್ಟು ಹತ್ತು ದಿನವಾಗಿದ್ದರೂ ಮೆಟ್ಟಿಲು ಹತ್ತಿ ರೌಂಡ್ ಹೋಗುವವರು.

"ಸಾಹೇಬ್ರ, ಸಿ5 ಫ್ಲ್ಯಾಪ್ ನಿಂತದ ನೋಡ್ರಿ. ಅಲ್ಲಾಡ್ಲಕತ್ತಿಲ್ಲ."

ಪುಡಿ ಕೆಳಗೆ ಬಿದ್ದಾಗೆಲ್ಲ ಅಲ್ಲಾಡೋ ಬಾಗಿಲು ಅದು. ಸ್ಕ್ರೀನ್ ನೋಡಿದೆ. ಮೈನಸ್ 12. ನೋಡ್ತಾ ಇರುವಾಗಲೇ ಸೊನ್ನೆ.

ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಗಂಟೆಗೆ 350 ಟನ್ ಫೀಡ್ ಅಂದರೆ ನಿಮಿಷಕ್ಕೆ ಸುಮಾರು ಆರು ಟನ್. ಕೆಳಗೆ ಬಾಯಿ ಮುಚ್ಚಿದೆ, ಮೇಲಿಂದ ಬೀಳ್ತಾನೇ ಇದೆ. ಎಷ್ಟು ನಿಮಿಷ ಆಯಿತು? ಮೂರಾ, ಐದಾ? ಟ್ರೆಂಡ್ ತೆಗೆದು ನೋಡೋಕೂ ಕೈ ಬರಲಿಲ್ಲ. ಕಿವಿಯಲ್ಲಿ ಜರ್ಮನ್ ಹೆಂಗಸು ಶಾಂತವಾಗಿ ಕೇಳುತ್ತಿದ್ದರು: "ಹಾಗಾದರೆ ಮೊದಲು ನೀವು ಯಾವುದನ್ನು ನೋಡಿದಿರಿ?"

ನಾನು ಕನ್ನಡದಲ್ಲಿ "ಫೀಡ್ ಕಟ್!" ಅಂತ ಕೂಗಿದೆ.

ಇನ್‌ಚಾರ್ಜ್ ಯಾವಾಗ ಎದ್ದು ಬಂದರೋ ಗೊತ್ತಿಲ್ಲ. ನನ್ನ ಹೆಗಲು ಹಿಡಿದು ಕುರ್ಚಿ ಸಮೇತ ಪಕ್ಕಕ್ಕೆ ಸರಿಸಿದರು. ಪ್ರಿಹೀಟರ್‌ಗೆ ಹೋಗೋ ಕಲ್ಲಿದ್ದಲು ನಿಂತಿತು, ಫ್ಯಾನ್ ಇಳಿಯಿತು, ಕಿಲ್ನ್ ಸ್ಲೋ ಆಯಿತು. "ಕಾಕಾ, ಮಂದಿನ್ ಎಲ್ಲಾರ್ನೂ ಕೆಳಗಿಂದ ಹೊರಗ್ ತಗೀರಿ, ಒಬ್ಬರೂ ಇರಬಾರ್ದು" ಅಂತ ವಾಕಿಟಾಕಿಯಲ್ಲಿ ಹೇಳುತ್ತಾ, ಇನ್ನೊಂದು ಕೈಯಿಂದ ನನ್ನ ಕಿವಿಯ ಇಯರ್‌ಬಡ್ ತೆಗೆದು ಲಾಗ್‌ಬುಕ್ ಮೇಲೆ ಇಟ್ಟರು. ಏನೂ ಅನ್ನಲಿಲ್ಲ. ಅದರೊಳಗಿಂದ ಸಣ್ಣಗೆ "ಹಲೋ? ಹಲೋ?" ಅಂತ ಕೇಳಿಸುತ್ತಿತ್ತು.

ಮುಂದಿನ ಐದು ತಾಸು ನಾನು ಎಸಿಯಲ್ಲಿ ಕೂತು ಕ್ಯಾಮೆರಾದಲ್ಲಿ ನೋಡಿದೆ. ಕಾಕಾ ಮತ್ತು ನಾಲ್ಕು ಜನ ಬೆಳ್ಳಿ ಬಣ್ಣದ ಸೂಟ್ ಹಾಕಿಕೊಂಡು, ಸೈಕ್ಲೋನ್‌ನ ಕಿಂಡಿ, ಅಂದರೆ ಪೋರ್ಟ್, ಒಂದೊಂದೇ ತೆಗೆದು, ಉದ್ದನೆ ಪೈಪ್ ಹಿಡಿದು ಕಟ್ಟಿದ್ದನ್ನು ತಿವಿದು ಬಿಡಿಸಿದರು. ಒಳಗಿರೋ ಪುಡಿ, ಮೀಲ್, ಎಂಟುನೂರು ಡಿಗ್ರಿ ಮೇಲೆ. ಅದು ಒಮ್ಮೆಲೇ ಜಾರಿದರೆ ನೀರಿನ ಹಾಗೆ ಹರಿದು ಬರುತ್ತದೆ. ಇದರಲ್ಲಿ ಸುಟ್ಟುಕೊಂಡವರ ಕಥೆ ಎಲ್ಲ ಪ್ಲಾಂಟಿನಲ್ಲೂ ಇದೆ. ಒಂದು ಸಲ ಪೋರ್ಟ್‌ನಿಂದ ಕೆಂಪಗೆ ಉಗುಳಿತು, ಐದೂ ಜನ ಹಿಂದಕ್ಕೆ ಹಾರಿದರು. ಐದೂ ಜನ ಎದ್ದು ನಿಂತಿದ್ದು ಎಣಿಸುವವರೆಗೆ ನಾನು ಉಸಿರು ಬಿಡಲಿಲ್ಲ. ಕಿಲ್ನ್ ಮತ್ತೆ ಹೊತ್ತಿಕೊಂಡಾಗ ಏಳೂವರೆ. ಕೆಳಗೆ ಬಂದ ಕಾಕಾನ ಹುಬ್ಬು ಬೆಳ್ಳಗಾಗಿತ್ತು, ಮೀಲ್ ಧೂಳಿನಿಂದ. ನನ್ನ ಹತ್ತಿರ ಬಂದು ಕೇಳಿದ್ದು ಒಂದೇ. "ಊಟ ಆತೇನ್ರಿ?"

ಮಾರನೇ ದಿನ ವೈ-ವೈ ಅನಾಲಿಸಿಸ್, ಅಂದರೆ ಯಾಕೆ ಯಾಕೆ ಅಂತ ಕೇಳ್ತಾ ಮೂಲ ಕಾರಣ ಹುಡುಕೋದು. ಐದು ಯಾಕೆ ಬರೆಯಬೇಕಾದ ಫಾರಂನಲ್ಲಿ ಎರಡನೇ ಯಾಕೆಗೇ 'ಆಪರೇಟರ್ ಅಜಾಗರೂಕತೆ' ಅಂತ ಬರೆದು ಮುಚ್ಚಿದರು. ತಪ್ಪೇನಿಲ್ಲ, ಅದು ನಿಜವೇ. ಆದರೆ ಸಿ5ರಲ್ಲಿ ಅಂಟಿದ್ದನ್ನು ಗಾಳಿ ಹೊಡೆದು ಬೀಳಿಸೋ ಏರ್ ಬ್ಲಾಸ್ಟರ್‌ನ ಎರಡು ಸೊಲೆನಾಯ್ಡ್ ವಾಲ್ವ್ ಕೆಟ್ಟು ತಿಂಗಳಾಗಿತ್ತು, ಹೊಸದು ಬೇಕು ಅಂತ ಇಂಡೆಂಟ್ ಹಾಕಿ ಮೂರು ವಾರ. ಸಲ್ಫರ್ ಜಾಸ್ತಿ ಇರೋ ಪೆಟ್‌ಕೋಕ್ ಇಂಧನ ಬಂದಾಗಿನಿಂದ ಒಳಗೋಡೆಗೆ ಕೋಟಿಂಗ್ ಕಟ್ಟುತ್ತಿತ್ತು. ಅದು ಮೂರನೇ ಯಾಕೆ ಆಗಬೇಕಿತ್ತು. ನನಗೆ ವಾರ್ನಿಂಗ್ ಲೆಟರ್ ಸಿಕ್ಕಿತು. ಸೊಲೆನಾಯ್ಡ್ ಸಿಗಲಿಲ್ಲ.

ಅಂದು ಸಂಜೆ ಇನ್‌ಚಾರ್ಜ್ ಕರೆದರು. ಬೈಯುತ್ತಾರೆ ಅಂದುಕೊಂಡೆ.

"ಜರ್ಮನಿ ಆತೇನು, ಇಲ್ಲೋ?"

ನಿಮಗೆ ಹೇಗೆ ಗೊತ್ತು ಸರ್ ಅಂದೆ.

"ಇಡೀ ಕ್ಯಾಂಟೀನ್‌ಗೆ ಗೊತ್ತದ. ನಿನಗೊಬ್ಬಂಗೇ ಗೊತ್ತಿರಲಿಲ್ಲ. ಅಲ್ಲೋ ತಮ್ಮಾ, ಹತ್ತು ನಿಮಿಷ ಕೂಡ್ರಿ ಅಂದಿದ್ರ ನಾ ಒಲ್ಲೆ ಅಂತಿದ್ನೇನು? ನನ್ನ ಮಗಳಿಗೇ ವೀಸಾ ಮಾಡಿಸಿ ಕಳಿಸೀನಿ."

ಒಂದೂವರೆ ವರ್ಷ ಗುಟ್ಟು ಅಂತ ನಾನು ಹೊತ್ತುಕೊಂಡು ತಿರುಗಿದ್ದು ಇದನ್ನ. ಬ್ಯಾಂಕ್ ಲೋನ್ ಅಂತ ಕೊಟ್ಟ ಅನುಭವದ ಪತ್ರ ಟೈಪ್ ಮಾಡಿದ ಎಚ್‌ಆರ್‌ನ ಹುಡುಗನೇ ಮೊದಲು ಸುದ್ದಿ ಹಂಚಿದ್ದಂತೆ. ಬ್ಯಾಂಕ್‌ನವರು ಕೆಲಸದ ವಿವರ ಇಂಗ್ಲಿಷ್‌ನಲ್ಲಿ ಎರಡು ಪುಟ ಯಾಕೆ ಕೇಳ್ತಾರೆ, ಅಲ್ವಾ?

ಜರ್ಮನಿಯವರಿಗೆ ಆ ರಾತ್ರಿಯೇ ಮೇಲ್ ಹಾಕಿದ್ದೆ. ಡ್ಯೂಟಿಯಲ್ಲಿದ್ದೆ, ನೀವು ಕೇಳುತ್ತಿದ್ದ ಹೊತ್ತಿಗೇ ಸೈಕ್ಲೋನ್ ಜಾಮ್ ಆಯಿತು, ಡೆಸ್ಕ್‌ನಲ್ಲಿ ಕಾಲ್ ತೆಗೆದುಕೊಂಡಿದ್ದು ನನ್ನ ತಪ್ಪು ಅಂತ ಇದ್ದಿದ್ದನ್ನು ಇದ್ದ ಹಾಗೆ ಬರೆದೆ. ಇನ್ನು ಮುಗಿಯಿತು ಅಂದುಕೊಂಡಿದ್ದೆ. ಎರಡು ದಿನದ ಮೇಲೆ ಉತ್ತರ ಬಂತು. ಮೊದಲ ಸಾಲು: 'ಯಾರಿಗೂ ಗಾಯ ಆಗಿಲ್ಲ ತಾನೆ? ಕಿಲ್ನ್ ಎಷ್ಟು ತಾಸು ನಿಂತಿತು?' ಸಿಮೆಂಟಿನವರು ಎಲ್ಲಿದ್ದರೂ ಸಿಮೆಂಟಿನವರೇ.

ಎರಡನೇ ಇಂಟರ್‌ವ್ಯೂ ನವೆಂಬರ್‌ನಲ್ಲಿ ಆಯಿತು. ಅದೂ ಬಿ ಶಿಫ್ಟ್‌ನಲ್ಲೇ. ಈ ಸಲ ಇನ್‌ಚಾರ್ಜ್ ನನ್ನ ಕುರ್ಚಿಯಲ್ಲಿ ಕೂತರು, ನಾನು ಲ್ಯಾಬ್‌ನ ಸ್ಯಾಂಪಲ್ ರೂಮಿನಲ್ಲಿ ಕೂತೆ. ಅರ್ಧ ತಾಸು ಚೆನ್ನಾಗಿ ಹೋಯಿತು. ಆದರೆ ಸೈಟ್‌ಗಳಲ್ಲಿ ಕೆಲಸಗಾರರ ಜೊತೆ ಮಾತಾಡಬೇಕು, ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿ ಬನ್ನಿ ಅಂದರು. ಈಗ ರಾತ್ರಿ ಕ್ಲಾಸು ನಡೆಯುತ್ತಿದೆ. ಕ್ಯಾಂಟೀನ್‌ನಲ್ಲಿ ಜೋರಾಗಿಯೇ ಓದುತ್ತೇನೆ. ಕಾಕಾ ಎದುರು ಕೂತು ಚಹಾ ಬಸಿಗೆ ಹಾಕಿ ಕುಡಿಯುತ್ತಾ 'ಡೇರ್ ಕಿಲ್ನೋ, ಡೀ ಕಿಲ್ನೋ?' ಅಂತ ಕೇಳುತ್ತಾರೆ. ಅವರಿಗೆ ಗಡಿಯಾರದ ಕಥೆಯೇ ಜಾಸ್ತಿ ಇಷ್ಟ.

ಸಿಸಿಆರ್‌ನ ಬಿಳಿ ಬೋರ್ಡಿನಲ್ಲಿ ಬಾಕಿ ಕೆಲಸಗಳ ಪಟ್ಟಿ ಇದೆ. ಮೊದಲನೇ ಸಾಲು ಇವತ್ತಿಗೂ 'ಸಿ5 ಏರ್ ಬ್ಲಾಸ್ಟರ್ ಸೊಲೆನಾಯ್ಡ್, 2 ನಂಬರ್'. ಅದರ ಕೆಳಗೆ ಲಿಫ್ಟ್. ತೀರಾ ಕೆಳಗೆ, ಹೋದ ವಾರ ಯಾರೋ ಕೆಂಪು ಮಾರ್ಕರ್‌ನಲ್ಲಿ ಸೇರಿಸಿದ್ದಾರೆ: 'ಮಾರ್ಚ್ 29, ಭಾನುವಾರ. ಜರ್ಮನಿ ಗಡಿಯಾರದ್ದು ಶಿಫ್ಟ್ ಚೇಂಜ್.'