ಸರಾಸರಿ 78, ಆದರೂ ಬೌಲ್ಡ್

ನವಿ ಮುಂಬೈನ ಐರೋಲಿಯಲ್ಲಿ ಕ್ಲೌಡ್ ಗೇಮಿಂಗ್ ಟೆಸ್ಟಿಂಗ್ ನನ್ನ ಕೆಲಸ. ಊರಿಗೆ ಹೋದಾಗೆಲ್ಲ "ಆಟ ಆಡೋಕೂ ಸಂಬಳ ಕೊಡ್ತಾರಾ?" ಅಂತ ಕೇಳ್ತಾರೆ. ಕೊಡ್ತಾರೆ, ಅದೇ ಓವರನ್ನು ದಿನಕ್ಕೆ 200 ಸಲ ಆಡೋಕೆ ತಯಾರಿದ್ದರೆ.

ಕ್ಲೌಡ್‌ನಲ್ಲಿ ಗೇಮ್ ಓಡೋದು ಡೇಟಾ ಸೆಂಟರಿನ ಸರ್ವರಿನಲ್ಲಿ. ನಮ್ಮ ಮನೆಗೆ ಬರೋದು ಬರೀ ವಿಡಿಯೋ, ಮನೆಯಿಂದ ಹೋಗೋದು ನಾವು ಒತ್ತಿದ ಬಟನ್. ಹಾಗಾಗಿ ಡೊಂಬಿವಲಿಯ ನಮ್ಮ ಅಕ್ಕನ ಮಗ, ಸೆಲ್ಲೋಟೇಪ್ ಸುತ್ತಿದ ಹಳೇ ಲ್ಯಾಪ್‌ಟಾಪ್‌ನಲ್ಲೇ ಭಾರೀ ಗ್ರಾಫಿಕ್ಸ್ ಗೇಮ್ ಆಡ್ತಾನೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ, 100 ಜಿಬಿ ಡೌನ್‌ಲೋಡ್ ಆಗಲಿ ಅಂತ ರಾತ್ರಿಯೆಲ್ಲ ಕಾಯೋದೂ ಬೇಡ. ಈ ಕೆಲಸಕ್ಕೆ ನಾನು ಸೇರಿದ್ದೇ ಈ ಮಾತು ನಂಬಿ.

ಕಳೆದ ಮಳೆಗಾಲದಲ್ಲಿ ಒಂದು ರಿಲೀಸ್‌ಗೆ ನಾನೇ 'ಪಾಸ್' ಬರೆದೆ. ಬಟನ್ ಒತ್ತಿದಲ್ಲಿಂದ ಪರದೆ ಬದಲಾಗೋವರೆಗೆ ಸರಾಸರಿ 78 ಮಿಲಿಸೆಕೆಂಡ್. ವಾರದೊಳಗೆ ಲ್ಯಾಗ್, ಲ್ಯಾಗ್ (ಒತ್ತಿದ್ದು ತಡವಾಗಿ ಕಾಣುತ್ತೆ) ಅಂತ ದೂರು ಶುರು. ಒಂದೊಂದಕ್ಕೂ "ನಿಮ್ಮ ಇಂಟರ್ನೆಟ್ ಪರೀಕ್ಷಿಸಿಕೊಳ್ಳಿ" ಅಂತ ಉತ್ತರ ಅಂಟಿಸಿ ಕೈ ತೊಳೆದುಕೊಂಡೆ. ಈಗ ಆ ದೂರಿನ ಟಿಕೆಟ್‌ಗಳನ್ನು ತೆರೆಯೋಕೂ ನಾಚಿಕೆ.

ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಹುಡುಗ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಕ್ರಿಕೆಟ್ ಆಡ್ತಿದ್ದ. ಒಂದೇ ಓವರಿನಲ್ಲಿ ಮೂರು ಸಲ ಬೌಲ್ಡ್. "ಮಾಮಾ, ಆಣೆಗೂ ಒತ್ತಿದ್ದೆ!" ಫೋನನ್ನು ಸ್ಲೋ ಮೋಷನ್‌ಗೆ ಹಾಕಿ, ಅವನ ಹೆಬ್ಬೆರಳು ಮತ್ತು ಟಿವಿ ಎರಡೂ ಕಾಣೋ ಹಾಗೆ ಹಿಡಿದೆ. ಸೆಕೆಂಡಿಗೆ 240 ಫ್ರೇಮ್, ಅಂದರೆ ಫ್ರೇಮಿಗೆ ನಾಲ್ಕು ಮಿಲಿಸೆಕೆಂಡಿಗಿಂತ ಚೂರು ಹೆಚ್ಚು. ಸೋಫಾದಲ್ಲಿ ಕೂತು ಒಂದೊಂದೇ ಎಣಿಸಿದೆ. ಬೆರಳು ಇಳಿದ ಮೇಲೆ ಬ್ಯಾಟು ಅಲುಗೋಕೆ 40 ಫ್ರೇಮ್. ಒಂದು ಬಾಲಿಗಂತೂ 70, ಹೆಚ್ಚುಕಮ್ಮಿ 290 ಮಿಲಿಸೆಕೆಂಡ್! ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟಿನ ಹತ್ತಿರ ಬರೋಕೆ ಅರ್ಧ ಸೆಕೆಂಡೂ ಬೇಡ.

ಮೊದಲ ಕಳ್ಳ ಟಿವಿ. ಚಿತ್ರಕ್ಕೆ ಪಾಲಿಶ್ ಮಾಡಿ ಮಾಡಿ ತಡವಾಗಿ ತೋರಿಸ್ತಿತ್ತು. ಆ ಪಾಲಿಶ್ ಕಮ್ಮಿ ಮಾಡೋ 'ಗೇಮ್ ಮೋಡ್' ಹಾಕಿದ ಮೇಲೆ 40 ಫ್ರೇಮ್ ಇದ್ದದ್ದು 25ಕ್ಕೆ ಇಳೀತು. ಆದರೂ ಆಗಾಗ ಆ 70 ಬಂದೇ ಬರ್ತಿತ್ತು. ಅಡುಗೆಮನೆಯಿಂದ 'ಟಿಣ್' ಅಂದಾಗಲೇ ಹೊಳೆದದ್ದು: ಮೈಕ್ರೋವೇವ್! ಲ್ಯಾಪ್‌ಟಾಪ್‌ನ ಹಳೇ ವೈಫೈಗೆ ಗೊತ್ತಿರೋದು 2.4 ಗಿಗಾಹರ್ಟ್ಸ್ ರೇಡಿಯೋ ತರಂಗ ಒಂದೇ, ಓವನ್ನಿನ ಗದ್ದಲವೂ ಅಲ್ಲೇ. ಸಿನಿಮಾ ಆಗಿದ್ದರೆ ಮುಂದಿನ ಕೆಲವು ಸೆಕೆಂಡನ್ನು ಮೊದಲೇ ತಂದಿಟ್ಟುಕೊಂಡು ಸಂಭಾಳಿಸ್ತಿತ್ತು. ಇಲ್ಲಿ ಇನ್ನೂ ಒತ್ತದ ಬಟನ್ನಿನ ಚಿತ್ರವನ್ನು ಎಲ್ಲಿಂದ ತರೋದು? ಆಫೀಸಿನಲ್ಲಿ ನಾನು ಅಳೆದದ್ದು ವೈರಿನ ಮೇಲೆ, ಒಳ್ಳೇ ಮಾನಿಟರಿನಲ್ಲಿ. ಹಳೇ ಲ್ಯಾಪ್‌ಟಾಪ್‌ನವರಿಗಾಗಿ ಮಾಡಿದ ಸರ್ವಿಸನ್ನು ಹಳೇ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಯೂ ಆಡಿ ನೋಡಿರಲಿಲ್ಲ.

ಸೋಮವಾರ ರಿಪೋರ್ಟಿನ ರೂಪ ಬದಲಾಯಿಸಿದೆ. ನೂರು ಸಲ ಒತ್ತಿದರೆ ಅದರಲ್ಲಿ ಅತಿ ಕೆಟ್ಟ ಒಂದರ ತಡ ಮೇಲಿನ ಸಾಲಿಗೆ ಬಂತು, ಸರಾಸರಿ ಮೂಲೆಗೆ ಹೋಯ್ತು. ಪ್ಯಾಂಟ್ರಿ ಓವನ್ನಿನ ಪಕ್ಕ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟಿದ್ದೀವಿ. ಮಧ್ಯಾಹ್ನದ ಡಬ್ಬಿ ಬಿಸಿ ಮಾಡೋದೂ ಈಗ ಟೆಸ್ಟ್ ಪ್ಲಾನಿನ ಭಾಗ, ನಗಬೇಡಿ.

ನಮ್ಮ ಕೈಲಿ ಸರಿಹೋಗದವೂ ಇವೆ. 20 ಎಂಬಿಪಿಎಸ್‌ನಲ್ಲಿ ಆಡಿದರೆ ಗಂಟೆಗೆ 9 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ 13 ನಿಮಿಷಕ್ಕೆ ಖಾಲಿ. ಕೊಂಡ ಗೇಮೂ ಸರ್ವರ್ ಇರೋವರೆಗೆ ಮಾತ್ರ ನಮ್ಮದು. 2019ರ ನವೆಂಬರಿನಲ್ಲಿ ಶುರುವಾದ ಗೂಗಲ್‌ನ ಕ್ಲೌಡ್ ಗೇಮಿಂಗ್ ಸರ್ವಿಸ್ ಸ್ಟೇಡಿಯಾ 2023ರ ಜನವರಿಯಲ್ಲಿ ಮುಚ್ಚಿತು. ಗೇಮ್ ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಅದು ದೊಡ್ಡ ಮಾತೇ. ಎಲ್ಲರೂ ಕೊಡ್ತಾರೆ ಅಂತ ನಾನಂತೂ ನಂಬಲ್ಲ.

ಅಕ್ಕನ ಮನೆಯಲ್ಲಿ ಲ್ಯಾನ್ ವೈರ್ ಎಳೆಯೋಣ ಅಂದರೆ ಅವಳು ಹೊಸ ಪೇಂಟ್ ತೋರಿಸ್ತಾಳೆ. ಹಾಗಾಗಿ ಹುಡುಗ ಬ್ಯಾಟಿಂಗಿಗೆ ಇಳಿಯೋ ಮೊದಲು ಅಡುಗೆಮನೆ ಕಡೆ ಕೂಗ್ತಾನೆ: "ಅಮ್ಮಾ, ಐದು ಓವರ್, ಓವನ್ ಬೇಡ!" ಹೋಳಿಗೆ ಕಾವಲಿ ಮೇಲೇ ಬಿಸಿಯಾಗುತ್ತೆ.