ಮನಿಗ್ ಬಪ್ಪು ಬ್ಯಾಟ್ರಿ

ಈ ವಾರ ಗಂಗೊಳ್ಳಿಗೆ ಹೋಗಿ ಬಂದಾಗಿಂದ ತಲೇಲಿ ಒಂದೇ ಮಾತು ಸುತ್ತುತಾ ಉಂಟು. ಮಾತು ನಮ್ಮ ಭಾವಂದು. ಗಿಲ್ನೆಟ್ ಬಲೆಯ ಮೀನುಗಾರಿಕೆ ಬೋಟಿನ ತಾಂಡೇಲ ಅವ್ರು, ಅಂದ್ರೆ ಬೋಟ್ ನಡೆಸೋ ಮುಖ್ಯಸ್ಥ, ಮಾತು ಕಮ್ಮಿ, ಅಕ್ಕ ಹತ್ತು ಹೇಳಿದ್ರೆ ಒಂದು ಹೂಂ. ಅಕ್ಕನ ಮಗ ಸ್ಪೀಕರ್ ಚಾರ್ಜ್‌ಗೆ ಹಾಕ್ಬೇಕು ಅಂತ ಕ್ಯಾಬಿನ್ ಮೂಲೆ ಮರದ ಪೆಟ್ಟಿಗೆ ತೆಗೆದು, ಒಳಗಿದ್ದ ಬ್ಯಾಟ್ರಿಗೆ ಕ್ಲಿಪ್ ಸಿಕ್ಕಿಸೋಕೆ ಹೋದ.

"ಅದ್ಕ್ ಕೈ ಹಾಕ್‌ಬೇಡ. ಅದ್ ಮನಿಗ್ ಬಪ್ಪು ಬ್ಯಾಟ್ರಿ."

"ಹಂಗಾರೆ ಇದ್?" ಅಂತ ಕೆಳಗಿನ ಬ್ಯಾಟ್ರಿ ತೋರ್ಸಿದ ಹುಡುಗ.

"ಇದ್ ಹೋಪು ಬ್ಯಾಟ್ರಿ."

ಅಷ್ಟೇ. ನಾವಿಬ್ರೂ ನಕ್ಕಿದ್ವಿ. ಹೋಗೋಕೊಂದು ಬರೋಕೊಂದು, ಬಸ್ ಟಿಕೆಟ್ಟಾ ಅಂತ.

ಸಂಜೆ ಅಳಿವೆ (ಹೊಳೆ ಸಮುದ್ರ ಸೇರೋ ಜಾಗ) ದಾಟಿ ಹೋಗಿ ಬಲೆ ಬಿಟ್ಟು ಎಂಜಿನ್ ಆಫ್ ಮಾಡಿದ್ರು. ಆದ್ರೆ ಎಂಜಿನ್ ಆಫ್ ಆದ್ರೂ ಬೋಟಿಗೆ ಕರೆಂಟ್ ಬೇಕೇ ಬೇಕು, ಬೇರೆ ಬೋಟಿನವ್ರಿಗೆ ಕಾಣೋಕೆ ಲೈಟು, ಜಿಪಿಎಸ್ಸು, ವಯರ್‌ಲೆಸ್ಸು, ಮೀನು ನೋಡೋ ಸೌಂಡರು, ಅದ್ರ ಮೇಲೆ ಕಲಾಸಿಗಳ (ಬೋಟಿನ ಕೆಲಸದವ್ರ) ಫೋನು, ಎಲ್ಲಾ ಆ ಹೋಪು ಬ್ಯಾಟ್ರಿ ತಲೆ ಮೇಲೆ. ಬೆಳಗಿನ ಜಾವ ಬಲೆ ಎಳೆಯೋ ಹೊತ್ತಿಗೆ ಸೆಲ್ಫ್ ಹೊಡೆದ್ರೆ ಟಕ್, ಟಕ್, ಅಷ್ಟೇ ಸದ್ದು. ಡ್ಯಾಶಲ್ಲಿದ್ದ ಲೈಟು ಪ್ರತಿ ಟಕ್ಕಿಗೂ ಮಂಕಾಗಿ ಮತ್ತೆ ಬರ್ತಿತ್ತು. ಭಾವ ಮೀಟರ್ ಇಟ್ಟು ನೋಡಿದ್ರೆ 11.4. ನಂಗೆ ಅದು ಅಷ್ಟೇನೂ ಕಮ್ಮಿ ಅನ್ನಿಸ್ಲೇ ಇಲ್ಲ, ಫುಲ್ ಇದ್ದಾಗ 12.6 ಅಂತೆ, 1.2 ವೋಲ್ಟ್ ಏನ್ ಮಹಾ ಅಂತ. ಆದ್ರೆ ಈ ಲೆಡ್ ಆ್ಯಸಿಡ್ ಬ್ಯಾಟ್ರಿಗಳ ಲೆಕ್ಕ ಹಾಗಲ್ಲ, 12ಕ್ಕೆ ಇಳಿದಾಗ್ಲೇ ಮುಕ್ಕಾಲು ಭಾಗ ಖಾಲಿ, 11.4 ಅಂದ್ರೆ ಸತ್ತ ಹಾಗೆ.

ಫೋನಿಗೆ ರೇಂಜ್ ಇಲ್ಲ. ದಡ ಕಾಣ್ತಿಲ್ಲ. ನಿಜ ಹೇಳ್ಬೇಕಂದ್ರೆ ನಂಗೆ ಹೊಟ್ಟೇಲಿ ಒಂಥರಾ ಆಯ್ತು. ಭಾವ ಮಾತ್ರ ಒಬ್ಬ ಕಲಾಸಿಗೆ "ಬೀಡಿ ನಂದ್ಸು" ಅಂದ್ರು (ಬ್ಯಾಟ್ರಿಯಿಂದ ಹೈಡ್ರೋಜನ್ ಬರುತ್ತೆ, ಕಿಡಿ ತಾಗಿದ್ರೆ ಸಿಡಿಯುತ್ತೆ), ಸ್ಪಾನರ್ ತಗೊಂಡ್ರು. ಸತ್ತ ಬ್ಯಾಟ್ರಿಯ ನೆಗೆಟಿವ್ ಮೊದ್ಲು ಬಿಚ್ಚಿದ್ರು, ಆಮೇಲೆ ಪಾಸಿಟಿವ್. ಪೆಟ್ಟಿಗೇಲಿದ್ದ ಮನಿಗ್ ಬಪ್ಪು ಬ್ಯಾಟ್ರಿಗೆ ಹಾಕೋವಾಗ ಉಲ್ಟಾ, ಪಾಸಿಟಿವ್ ಮೊದ್ಲು. ಟರ್ಮಿನಲ್ ಮೇಲೆ ಬಳಿದಿದ್ದ ವ್ಯಾಸಲಿನ್ ಬೆರಳಲ್ಲಿ ಒರೆಸಿ ಪ್ಯಾಂಟಿಗೆ ಉಜ್ಜಿಕೊಂಡ್ರು. ಸೆಲ್ಫ್ ಹೊಡೆದ್ರು, ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಆಮೇಲೆ ಟಾರ್ಚ್ ಹಿಡ್ಕೊಂಡು, ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ನ ಬೆಲ್ಟ್ ಒತ್ತಿ ನೋಡಿದ್ರು. ಸಡ್ಲ. ಹಿಂದಿನ ದಿನ ಪೂರ್ತಿ ಬೆಲ್ಟ್ ಜಾರ್ತಾ ಇದ್ದಿದ್ರಿಂದ ಬ್ಯಾಟ್ರಿಗೆ ಚಾರ್ಜೇ ಹತ್ತಿರ್ಲಿಲ್ಲ. ಬಿಗಿ ಮಾಡಿದ ಮೇಲೆ ಮೀಟರ್ 14 ತೋರಿಸ್ತು.

ಎರಡಕ್ಕೂ ಸೇರಿ ಒಂದು ಸ್ವಿಚ್ ಹಾಕಿಸ್ಬಹುದಲ್ಲ ಭಾವ, ಎಲ್ಲಾ ಬೋಟಲ್ಲೂ ಇರುತ್ತಲ್ಲ, ಅಂತ ಕೇಳ್ದೆ. "ಸ್ವಿಚ್ಚಿದ್ರೆ ಯಾರಾರೂ ಎರಡೂ ಸೇರ್ಸಿ ಇಡ್ತ್ರ್" ಅಂದ್ರು. ಎರಡೂ ಸೇರಿ ಖಾಲಿಯಾದ್ರೆ ಆಮೇಲೆ ಯಾವ್ದ್ರಲ್ಲಿ ಸ್ಟಾರ್ಟ್ ಮಾಡೋದು? ಅದ್ಕೇ ವಯರೇ ಕೊಡದೆ ಇಡೋದಂತೆ.

ವಯರ್‌ಲೆಸ್ಸೂ ಬೋಟಿನ ಬ್ಯಾಟ್ರೀಲೇ ನಡೆಯೋದಲ್ವಾ, ಅದು ಸತ್ರೆ ಅಪಾಯದಲ್ಲಿ ಸಹಾಯ ಕೇಳೋ 16ನೇ ಚಾನೆಲಲ್ಲಿ ಕೂಗೋಕೂ ಆಗಲ್ಲ. ಅದ್ಕೆ ಕೈಯಲ್ಲಿ ಹಿಡಿಯೋ ಇನ್ನೊಂದು ಸೆಟ್ ಬೇರೆ ಉಂಟು, ತನ್ನದೇ ಬ್ಯಾಟ್ರಿದು, ಪ್ಲಾಸ್ಟಿಕ್ ಡಬ್ಬದೊಳಗೆ. ಪಕ್ಕದಲ್ಲಿ ಇಸ್ರೋದವ್ರ ಡ್ಯಾಟ್ ಅನ್ನೋ ಅಪಾಯದ ಸಂದೇಶ ಕಳಿಸೋ ಪೆಟ್ಟಿಗೆ, ಬಟನ್ ಒತ್ತಿದ್ರೆ ಸ್ಯಾಟಲೈಟ್ ಮೂಲಕ ಕೋಸ್ಟ್ ಗಾರ್ಡಿಗೆ ಹೋಗುತ್ತೆ, ಹೊಸ ತಲೆಮಾರಿನದ್ರಲ್ಲಿ ಸಂದೇಶ ತಲುಪಿತು ಅಂತ ವಾಪಸ್ ಉತ್ತರಾನೂ ಬರುತ್ತೆ. ಅಕ್ಕನಿಗೆ ಇದೊಂದೇ ಸಮಾಧಾನ. 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು 7 ಜನರ ಸಮೇತ ಕಾಣೆಯಾಗಿ, ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡೆ ಅದ್ರ ಅವಶೇಷ ಸಿಕ್ಕಿತಲ್ಲ, ಅದ್ರ ಕಥೆಯೇ ಬೇರೆ, ಆದ್ರೆ ಅವತ್ತಿಂದ ಅಕ್ಕನಿಗೆ ನಾಟ್ ರೀಚಬಲ್ ಅಂತ ಕೇಳಿದ್ರೆ ಕೈ ನಡುಗುತ್ತೆ.

ಇನ್ನು ಬೋಟಿನ ಓನರ್. ಕೆಟ್ಟವ್ನಲ್ಲ, ಆದ್ರೆ ದುಡ್ಡು ಬಿಚ್ಚೋ ವಿಷಯಕ್ಕೆ ಬಂದ್ರೆ ಕಿವಿ ಕೇಳಲ್ಲ. ಸುಮ್ನೆ ಕೂತಿರೋ ಬ್ಯಾಟ್ರಿಗೆ ಖರ್ಚು ಯಾಕೆ ಅನ್ನೋದು ಅವ್ನ ಹಳೇ ರಾಗ. ತಮಾಷೆ ಏನಂದ್ರೆ ಸುಮ್ನೆ ಕೂತ ಬ್ಯಾಟ್ರಿಗೇ ಜಾಸ್ತಿ ಆರೈಕೆ ಬೇಕು. ಬಳಸದೆ ಇಟ್ರೆ ತಾನಾಗೇ ಇಳೀತಾ ಹೋಗುತ್ತೆ, ಇಳಿದ ಮೇಲೆ ಹಾಗೇ ಬಿಟ್ರೆ ಪ್ಲೇಟು ಹಾಳಾಗಿ ಆಮೇಲೆ ಎಷ್ಟು ಚಾರ್ಜ್ ಕೊಟ್ರೂ ಹಿಡಿಯಲ್ಲ. ಭಾವ ಅದನ್ನ ಆಗಾಗ ಹೊತ್ಕೊಂಡು ಮನೆಗೆ ತಂದು ಚಾರ್ಜ್‌ಗೆ ಹಾಕ್ತಾರೆ, ಡಿಸ್ಟಿಲ್ಡ್ ವಾಟರ್ ಹಾಕ್ತಾರೆ. ಅಷ್ಟು ಭಾರ ಹೊತ್ತು ಸೊಂಟ ಹಿಡ್ಕೊಂಡಿದ್ದನ್ನ ನಾನೇ ನೋಡಿದ್ದೀನಿ, ಯಾಕೆ ಅಂತ ಕೇಳಿರ್ಲಿಲ್ಲ. ನಮ್ಮ ಆಫೀಸ್ ಬಿಲ್ಡಿಂಗಲ್ಲಿ ಬೆಂಕಿ ಆರಿಸೋ ಸಿಲಿಂಡರ್‌ಗೆ ಅಂಟಿಸಿರೋ ಡೇಟು ಮುಗಿದು ಎಷ್ಟೋ ಕಾಲ ಆಯ್ತು, ಎಮರ್ಜೆನ್ಸಿ ಮೆಟ್ಟಿಲ ತುಂಬ ಹಳೇ ಕುರ್ಚಿ, ಜನರೇಟರ್‌ಗೆ ಡೀಸಲ್ ಉಂಟಾ ಅಂತ ಕರೆಂಟ್ ಹೋದ ಮೇಲೇ ಹುಡುಕೋದು. ಇದನ್ನೆಲ್ಲ ನೋಡ್ಕೊಳ್ಳೋಕೆ ಸಂಬಳ ತಗೊಳ್ಳೋ ಡಿಗ್ರಿಯವ್ರು ಇದ್ದಾರೆ. ಭಾವ ಏಳನೇ ಕ್ಲಾಸು.

ಈಗಿನ ಜಗಳ ಏನಪ್ಪಾ ಅಂದ್ರೆ, ಹಳೇ ಬ್ಯಾಟ್ರಿ ಚಾರ್ಜ್ ಹಿಡೀತಿಲ್ಲ. ಓನರ್ ಅಂತಾನೆ, ಪೆಟ್ಟಿಗೇಲಿರೋದನ್ನೇ ಕೆಳಗೆ ಹಾಕ್ಕೊಂಡು ಹೋಗಿ, ಇನ್ನೊಂದು ಮುಂದಿನ ತಿಂಗ್ಳು ನೋಡುವ ಅಂತ. ಭಾವ ಇಲ್ಲ ಅಂದ್ರು. ಎರಡು ಇಲ್ದೆ ಅಳಿವೆ ದಾಟಲ್ಲ ಅಂತ. ಕಲಾಸಿಗಳಿಗೂ ದುಡಿಮೆ ಇಲ್ಲ, ಅವ್ರೂ ಗೊಣಗ್ತಿದ್ದಾರೆ. ಬೇರೆ ಬೋಟೆಲ್ಲ ಬಂಗುಡೆ ತುಂಬ್ಕೊಂಡು ಬರ್ತಿರೋವಾಗ ಇವ್ರದ್ದು ದಕ್ಕೇಲಿ ಕಟ್ಟಿ ಹಾಕಿದ್ದು ಹಾಗೇ ಉಂಟು. ಗಂಡನ ಮೊಂಡುತನದ ಬಗ್ಗೆ ಫೋನ್ ಮಾಡಿದಾಗೆಲ್ಲ ದೂರು ಹೇಳೋ ಅಕ್ಕ ಈ ಸಲ ಓನರ್ ಮನೆಗೇ ಹೋಗಿ ಬೈದು ಬಂದ್ಳಂತೆ.