ಮಳೆಗಾಲಕ್ಕೆ ಮೊದಲು ಫೋಟೋ ಬ್ಯಾಕಪ್

ಶಿರಸಿ ಕಡೆ ಹಳ್ಳಿಯಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಹಾಗಾಗಿ ಫೋನಿನ ಫೋಟೋಗಳನ್ನು ಮೇ ತಿಂಗಳಲ್ಲೇ ಗೂಗಲ್ ಫೋಟೋಸ್‌ಗೆ ಏರಿಸಿಬಿಡುತ್ತೇನೆ. ವೈಫೈ ಇದ್ದಾಗ ಮಾತ್ರ. ಇಲ್ಲದಿದ್ದರೆ ಮಾರಿಜಾತ್ರೆಯ ವಿಡಿಯೋಗಳಿಗೇ ದಿನದ ಡೇಟಾ ಖಾಲಿ.

ಉಚಿತ ಜಾಗ 15 ಜಿಬಿ. ಜಿಮೇಲ್, ಡ್ರೈವ್ ಎಲ್ಲಾ ಅದರಲ್ಲೇ ಸೇರಬೇಕು. 2021ರ ಜೂನ್‌ಗೆ ಮೊದಲು ಸ್ವಲ್ಪ ಕುಗ್ಗಿಸಿದ ಫೋಟೋಗಳಿಗೆ ಮಿತಿಯೇ ಇರಲಿಲ್ಲ. ಈಗ ಹೊಸದಾಗಿ ಏರಿಸುವ ಅಂಥವೂ ಲೆಕ್ಕಕ್ಕೆ. ಆದರೂ ನಾನು ಹೀಗೆ ಕುಗ್ಗಿಸುವ ಸ್ಟೋರೇಜ್ ಸೇವರ್ ಅನ್ನೇ ಇಟ್ಟುಕೊಂಡಿದ್ದೇನೆ. ದೊಡ್ಡ ಫೋಟೋ 16 ಮೆಗಾಪಿಕ್ಸೆಲ್‌ಗೆ ಇಳಿಯುತ್ತದೆ. ನಮ್ಮ ಅಡಿಕೆ ತೋಟ ನೋಡೋಕೆ ಅಷ್ಟು ಸಾಕಲ್ವಾ?

ಆಯಿಗೆ ಮಾತ್ರ ಮತ್ತೆ ಮತ್ತೆ ಹೇಳುತ್ತೇನೆ: "ಆ ಆ್ಯಪ್ ಒಳಗೆ ಡಿಲೀಟ್ ಒತ್ತಬೇಡ, ಗೂಗಲ್‌ನಲ್ಲಿ ಇದ್ದಿದ್ದೂ ಹೋಗ್ತು." ಫೋನಿನಲ್ಲಿ ಜಾಗ ಬೇಕಾದರೆ ಫ್ರೀ ಅಪ್ ಸ್ಪೇಸ್ ಅಂತ ಬೇರೆಯೇ ಇದೆ. ವಾಟ್ಸಾಪ್ ಫೋಲ್ಡರಿನ ಬ್ಯಾಕಪ್ ಬಂದ್ ಮಾಡಿದ್ದೇನೆ. ಶುಭೋದಯದ ಗುಲಾಬಿಗಳಿಗೆಲ್ಲ ಸುಮ್ನೆ ಜಾಗ ಯಾಕೆ ಕೊಡಬೇಕು!